ಹಳೆಯ ಬುಲೆಟ್ಟಿನ ಪಾಯಿಂಟ್ ಮನೆಯಲ್ಲೇ ಬದಲಿಸಿ

ಈಗಿನ ಬೈಕುಗಳಲ್ಲಿ ಪ್ಲಗ್ಗಿನ ಕಿಡಿ ಯಾವ ಕ್ಷಣಕ್ಕೆ ಹಾರಬೇಕೆಂಬುದನ್ನು ಸೆನ್ಸರ್ ಮತ್ತು ಇಸಿಯು ಸೇರಿ ನಿರ್ಧರಿಸುತ್ತವೆ. ಕಾಸ್ಟ್ ಐರನ್ ಎಂಜಿನ್ನಿನ ಹಳೆಯ ಬುಲೆಟ್ 350ರಲ್ಲಿ ಆ ಕೆಲಸ ಸಿಬಿ ಪಾಯಿಂಟಿನದು. ಪಾಯಿಂಟ್ ಮುಚ್ಚಿರುವಾಗ ಬ್ಯಾಟರಿಯ ಕರೆಂಟು ಕಾಯಿಲಿನಲ್ಲಿ ಹರಿಯುತ್ತದೆ. ಕ್ಯಾಮ್ ತಿರುಗಿ ಪಾಯಿಂಟಿನ ಹಿಮ್ಮಡಿಯನ್ನು ಎತ್ತಿದ ಕೂಡಲೇ ಪಾಯಿಂಟ್ ಬಿಡುತ್ತದೆ, ಕರೆಂಟು ಕಡಿಯುತ್ತದೆ, ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಹಿಮ್ಮಡಿ ಸವೆದಷ್ಟೂ ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ. ಆಗ ಗಾಡಿ ಏರಿನಲ್ಲಿ ಎಳೆಯುವುದಿಲ್ಲ, ಎಷ್ಟು ಕಿಕ್ ಹೊಡೆದರೂ ಸುಲಭವಾಗಿ ಸ್ಟಾರ್ಟ್ ಆಗುವುದಿಲ್ಲ, ನಡುನಡುವೆ ಮಿಸ್ ಹೊಡೆಯುತ್ತದೆ.

ಇವೇ ಲಕ್ಷಣಗಳು ಕೊಳೆಯಾದ ಪ್ಲಗ್ಗಿನಿಂದಲೂ ಕಸ ಕಟ್ಟಿದ ಕಾರ್ಬುರೇಟರಿನಿಂದಲೂ ಬರಬಹುದು. ಮೊದಲು ಅವೆರಡನ್ನು ನೋಡಿಕೊಳ್ಳಿ. ಹಿಂದಿನ ಮಾಲೀಕರು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದರೆ ಒಳಗೆ ಪಾಯಿಂಟೇ ಇರುವುದಿಲ್ಲ, ಈ ವಿಧಾನ ನಿಮಗಲ್ಲ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಹೊಸ ಪಾಯಿಂಟ್ ಸೆಟ್, ಕಂಡೆನ್ಸರ್, ಸ್ಕ್ರೂಡ್ರೈವರ್, ಸಣ್ಣ ಸ್ಪಾನರ್, ಪ್ಲಗ್ ಸ್ಪಾನರ್, ಚೂರು ಗ್ರೀಸು, ಒಗೆದ ಹತ್ತಿ ಬಟ್ಟೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಫೀಲರ್ ಗೇಜ್. ಅಂದಾಜಿನಲ್ಲಿ ಗ್ಯಾಪ್ ಇಡುವವರು ಬಹಳ ಜನರಿದ್ದಾರೆ. ಹೊಸಬರು ಆ ದಾರಿ ಹಿಡಿಯಬೇಡಿ. ಇಲ್ಲಿ ಲೆಕ್ಕ ಮಿಲಿಮೀಟರಿನ ನೂರನೇ ಒಂದು ಭಾಗದಲ್ಲಿ ನಡೆಯುತ್ತದೆ, ಕಣ್ಣಳತೆ ಸಾಲದು.

ಹಂತ 1
ಎಂಜಿನ್ ಪೂರ್ತಿ ತಣ್ಣಗಾಗಲಿ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಕೀ ಆಫ್ ಮಾಡಿ, ಪೆಟ್ರೋಲ್ ಟ್ಯಾಪ್ ಮುಚ್ಚಿ, ಪ್ಲಗ್ ಬಿಚ್ಚಿ. ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಎಂಜಿನ್ ಕೈಯಲ್ಲೇ ಹಗುರವಾಗಿ ತಿರುಗುತ್ತದೆ.

ಹಂತ 2
ಎಂಜಿನ್ನಿನ ಬಲಬದಿಯಲ್ಲಿ, ಸಿಲಿಂಡರಿನ ಹಿಂದೆ ಇರುವ ದುಂಡನೆಯ ಮುಚ್ಚಳವನ್ನು ತೆಗೆಯಿರಿ. ಏನನ್ನೂ ಬಿಚ್ಚುವ ಮುನ್ನ ಮೊಬೈಲಿನಲ್ಲಿ ಎರಡು ಮೂರು ಕಡೆಯಿಂದ ಫೋಟೊ ತೆಗೆದಿಡಿ. ಪಾಯಿಂಟ್ ಕೂತಿರುವ ಪ್ಲೇಟಿಗೂ ಅದರ ಹೊರಕವಚಕ್ಕೂ ಸೇರುವಂತೆ ಚೂಪು ಮೊಳೆಯಿಂದ ಒಂದು ಗೆರೆ ಗೀಚಿ. ಆ ಪ್ಲೇಟ್ ತಿರುಗಿದರೆ ಟೈಮಿಂಗ್ ಬದಲಾಗುತ್ತದೆ, ಆದ್ದರಿಂದ ಅದನ್ನು ಅಲುಗಿಸಬೇಡಿ.

ಹಂತ 3
ಹಳೆಯ ಪಾಯಿಂಟ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಒಂದು ಮುಖದಲ್ಲಿ ಸಣ್ಣ ಗುಳಿ, ಎದುರಿನ ಮುಖದಲ್ಲಿ ಅಷ್ಟೇ ಸಣ್ಣ ಗುಬ್ಬಟೆ ಕಾಣುತ್ತದೆ. ಪ್ರತಿ ಸಲ ತೆರೆಯುವಾಗಲೂ ಹುಟ್ಟುವ ಕಿಡಿ ಒಂದು ಕಡೆಯ ಲೋಹವನ್ನು ಕಿತ್ತು ಇನ್ನೊಂದು ಕಡೆ ಕೂರಿಸಿರುತ್ತದೆ. ಇಂಥ ಪಾಯಿಂಟಿಗೆ ಫೀಲರ್ ಗೇಜ್ ಹಾಕಿದರೂ ಅಳತೆ ಸುಳ್ಳಾಗುತ್ತದೆ. ಗೇಜಿನ ಅಲಗು ಗುಬ್ಬಟೆಯ ತುದಿಗೆ ತಾಗಿ ನಿಲ್ಲುತ್ತದೆ, ಗುಳಿಯ ಆಳ ಲೆಕ್ಕಕ್ಕೇ ಬರುವುದಿಲ್ಲ. ಉಜ್ಜಿ ಸಮ ಮಾಡಿದರೆ ದಾರಿಯಲ್ಲಿ ಕೈಕೊಟ್ಟ ದಿನ ಮನೆ ಮುಟ್ಟಬಹುದು, ಅಷ್ಟೇ. ಗುಳಿ ಆಳವಾಗಿದ್ದರೆ ಅಥವಾ ಎಂಜಿನ್ ಓಡುವಾಗ ಪಾಯಿಂಟಿನಲ್ಲಿ ದೊಡ್ಡ ನೀಲಿ ಕಿಡಿ ಕಾಣುತ್ತಿದ್ದರೆ ಕಂಡೆನ್ಸರಿನ ಮೇಲೆ ಅನುಮಾನ ಪಡಿ. ಅದನ್ನು ಬದಲಿಸದೆ ಹೊಸ ಪಾಯಿಂಟ್ ಹಾಕಿದರೆ ಅದೂ ಬೇಗ ಸುಡುತ್ತದೆ.

ಹಂತ 4
ಹೊಸ ಪಾಯಿಂಟಿನ ಮುಖಗಳ ಮೇಲೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಬಟ್ಟೆಗೆ ಸ್ವಲ್ಪ ಪೆಟ್ರೋಲ್ ಹಚ್ಚಿ ಒರೆಸಿ, ಒಣಗಿದ ಮೇಲೆ ಕೂರಿಸಿ. ಹೊಸಬರು ಎಡವುವುದು ಫೈಬರ್ ವಾಷರುಗಳಲ್ಲಿ. ಕಾಯಿಲಿನ ವೈರು, ಕಂಡೆನ್ಸರಿನ ವೈರು, ಪಾಯಿಂಟಿನ ಸ್ಪ್ರಿಂಗ್ ಈ ಮೂರೂ ಒಂದಕ್ಕೊಂದು ತಾಗಿರಬೇಕು, ಆದರೆ ಯಾವುದೂ ಬಾಡಿಗೆ ತಾಗಬಾರದು. ಒಂದು ವಾಷರ್ ಹಿಂದುಮುಂದಾದರೂ ಕಿಡಿಯೇ ಬರುವುದಿಲ್ಲ. ಫೋಟೊ ತೆಗೆದದ್ದು ಇದಕ್ಕಾಗಿಯೇ. ಹಿಮ್ಮಡಿ ಉಜ್ಜುವ ಕ್ಯಾಮಿನ ಮೇಲೆ ಬೆರಳ ತುದಿಯಷ್ಟು ಗ್ರೀಸು ತೆಳ್ಳಗೆ ಸವರಿ. ಜಾಸ್ತಿಯಾದರೆ ಸಿಡಿದು ಪಾಯಿಂಟಿನ ಮುಖಕ್ಕೇ ಅಂಟುತ್ತದೆ.

ಹಂತ 5
ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ ಪಾಯಿಂಟ್ ಅತಿ ಹೆಚ್ಚು ತೆರೆದುಕೊಳ್ಳುವ ಜಾಗದಲ್ಲಿ ನಿಲ್ಲಿಸಿ. ಗ್ಯಾಪ್ 0.35ರಿಂದ 0.40 ಮಿ.ಮೀ. ಇರಬೇಕು. ಫೀಲರ್ ಗೇಜಿನ ಅಲಗಿನಲ್ಲಿ ಎಣ್ಣೆ ಇಲ್ಲದಂತೆ ಒರೆಸಿ, 0.35ರ ಅಲಗನ್ನು ನಡುವೆ ತೂರಿಸಿ. ಅಲಗು ತುಸು ಹಿಡಿದಂತಾಗಿ ಜಾರಬೇಕು, ಸ್ಪ್ರಿಂಗನ್ನು ತಳ್ಳಿಕೊಂಡು ಹೋಗಬಾರದು. ಸ್ಕ್ರೂ ಬಿಗಿ ಮಾಡುವಾಗ ಗ್ಯಾಪ್ ಕದಲುವುದು ಸಾಮಾನ್ಯ, ಹಾಗಾಗಿ ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಿರಿ. ಈ ಹಂತಕ್ಕೆ ಎಷ್ಟು ಹೊತ್ತಾದರೂ ಆಗಲಿ, ಅವಸರ ಬೇಡ. ಗ್ಯಾಪ್ ಕಡಿಮೆಯಾದರೆ ಟೈಮಿಂಗ್ ಹಿಂದೆ ಬೀಳುತ್ತದೆ. ಹೆಚ್ಚಾದರೆ ಮುಂದೆ ಹೋಗುತ್ತದೆ, ಆಗ ಕಿಕ್ಕರ್ ತಿರುಗಿ ಒದೆಯಬಹುದು. ಬುಲೆಟ್ಟಿನ ಆ ಒದೆತ ಕಾಲಿಗೆ ಪೆಟ್ಟು ಮಾಡುವಂಥದ್ದು.

ಹಂತ 6
ಹೆಡ್‌ಲ್ಯಾಂಪ್ ಗೂಡಿನ ಆಮೀಟರ್ ಸುಸ್ಥಿತಿಯಲ್ಲಿದ್ದರೆ ಅದೇ ನಿಮ್ಮ ಪರೀಕ್ಷಕ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ ತೂತಿನಿಂದ ದೂರದಲ್ಲಿ ಲೋಹಕ್ಕೆ ತಾಗುವಂತೆ ಇಡಿ, ಲೈಟೆಲ್ಲ ಆರಿಸಿ ಕೀ ಆನ್ ಮಾಡಿ. ಚಕ್ರ ತಿರುಗಿಸಿದಾಗ ಪಾಯಿಂಟ್ ಮುಚ್ಚಿದ್ದರೆ ಮುಳ್ಳು ಮೈನಸ್ ಕಡೆ ಬಾಗುತ್ತದೆ, ತೆರೆದರೆ ನಡುವಿಗೆ ಬರುತ್ತದೆ. ಮುಳ್ಳು ಬಾಗಿಯೇ ಉಳಿದರೆ ಎಲ್ಲೋ ಬಾಡಿಗೆ ತಾಗುತ್ತಿದೆ, ಅಲುಗದೇ ಇದ್ದರೆ ವೈರು ಕೂಡಿಲ್ಲ ಅಥವಾ ಪಾಯಿಂಟಿನಲ್ಲಿ ಕೊಳೆ ಇದೆ. ನೋಡಿದ ಕೂಡಲೇ ಕೀ ಆಫ್ ಮಾಡಿ. ಪಾಯಿಂಟ್ ಮುಚ್ಚಿರುವಾಗ ಕೀ ಆನ್ ಬಿಟ್ಟರೆ ಕಾಯಿಲ್ ಬಿಸಿಯಾಗುತ್ತದೆ, ಬ್ಯಾಟರಿಯೂ ಇಳಿಯುತ್ತದೆ.

ಇನ್ನು ಮುಚ್ಚಳ ಹಾಕಿ, ಪ್ಲಗ್ ಬಿಗಿ ಮಾಡಿ, ಕ್ಯಾಪ್ ಸಿಕ್ಕಿಸಿ, ಪೆಟ್ರೋಲ್ ಟ್ಯಾಪ್ ತೆರೆದು, ನ್ಯೂಟ್ರಲ್‌ಗೆ ತಂದು, ಕೀ ಆನ್ ಮಾಡಿ ಕಿಕ್ ಹೊಡೆಯಿರಿ. ಕಿಕ್ಕರ್ ತಿರುಗಿ ಒದ್ದರೆ ಅಥವಾ ಐಡಲಿಂಗ್ ನಿಲ್ಲದೇ ಹೋದರೆ ಪ್ಲೇಟ್ ಕದಲಿರುವ ಸಾಧ್ಯತೆ ಹೆಚ್ಚು. ಗೀಚಿದ ಗೆರೆ ಕೂಡಿದೆಯೇ ನೋಡಿ. ಕೂಡಿದ್ದರೂ ಸರಿಹೋಗದಿದ್ದರೆ ಟೈಮಿಂಗ್ ಇಡುವ ಕೆಲಸವನ್ನು ಬುಲೆಟ್ ಬಲ್ಲ ಮೆಕ್ಯಾನಿಕ್ಕಿಗೆ ಬಿಡುವುದು ಲೇಸು.

ಹೊಸ ಹಿಮ್ಮಡಿ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಬೇಗ ಸವೆದು ಆಮೇಲೆ ಕ್ಯಾಮಿಗೆ ಹೊಂದಿಕೊಳ್ಳುತ್ತದೆ. ಆದ್ದರಿಂದ ಐನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಮುಚ್ಚಳ ತೆಗೆದು ಗ್ಯಾಪನ್ನು ಮತ್ತೆ ಅಳೆಯಿರಿ.