ವಿದ್ಯುದ್ವಾಹನಗಳ ಚಾರ್ಜಿಂಗ್ ಕೇಂದ್ರಕ್ಕೆ ಸ್ಥಳವನ್ನು ಗೊತ್ತುಮಾಡುವ ವಿಚಾರ

ರಸ್ತೆಯ ಪಕ್ಕದಲ್ಲಿ ಜಮೀನುಳ್ಳ ಅನೇಕರು ವಿದ್ಯುದ್ವಾಹನಗಳ ಚಾರ್ಜಿಂಗ್ ಕೇಂದ್ರವನ್ನು ತಾವೇ ಸ್ಥಾಪಿಸಲು, ಅಥವಾ ಅದಕ್ಕಾಗಿ ನೆಲವನ್ನು ಗುತ್ತಿಗೆಗೆ ಕೊಡಲು ಈಚೆಗೆ ಆಲೋಚಿಸುತ್ತಿರುವರು. ಇದಕ್ಕೆ ಲೈಸೆನ್ಸು ಬೇಕಿಲ್ಲವೆಂದು ಕೇಂದ್ರ ಸರ್ಕಾರವು 2018ರಲ್ಲಿಯೇ ಸ್ಪಷ್ಟಪಡಿಸಿರುವುದು. ಆದರೆ ಬೆಳೆಗೆ ಬಾರದೆ ಬೀಳುಬಿದ್ದ ಮೂಲೆಯೇ ಇದಕ್ಕೆ ತಕ್ಕುದೆಂದು ಭಾವಿಸುವುದು ತಪ್ಪು. ನೆಲಕ್ಕಿಂತ ಮೊದಲು ವಿದ್ಯುತ್ತಿನ ಮಾರ್ಗವನ್ನು ಪರೀಕ್ಷಿಸತಕ್ಕದ್ದು.

60 ಕಿಲೋವಾಟಿನ ಒಂದು ಶೀಘ್ರ ಚಾರ್ಜರಿಗೆ ಬೇಕಾಗುವ ಶಕ್ತಿಯು 5 ಅಶ್ವಶಕ್ತಿಯ ಸುಮಾರು 14 ಪಂಪ್‌ಸೆಟ್ಟುಗಳು ಏಕಕಾಲದಲ್ಲಿ ನಡೆಯಲು ಬೇಕಾಗುವಷ್ಟು. ಹಳ್ಳಿಗಳಲ್ಲಿ ಸಾಮಾನ್ಯವಾಗಿರುವ 63 ಕೆ.ವಿ.ಎ. ಟ್ರಾನ್ಸ್‌ಫಾರ್ಮರಿಗೆ ಇದೊಂದೇ ಪೂರ್ಣ ಹೊರೆಯಾಗುವುದು. ಅದರ ಮೇಲೆ ಪಂಪುಗಳೂ ಇದ್ದಲ್ಲಿ ವೋಲ್ಟೇಜು ಇಳಿದು ಮೋಟಾರುಗಳು ಸುಟ್ಟುಹೋಗುವುವು. ಲಾಭವು ಒಬ್ಬನಿಗೆ, ನಷ್ಟವು ನೆರೆಯ ರೈತರಿಗೆ. ಗ್ರಾಮದ ಮುಖಂಡರು ಇದನ್ನು ಮೊದಲೇ ವಿಚಾರಿಸತಕ್ಕದ್ದು. ಇದಲ್ಲದೆ ಪಂಪ್‌ಸೆಟ್ಟುಗಳಿಗೆಂದು ಬೇರ್ಪಡಿಸಿದ ಫೀಡರಿನಲ್ಲಿ ತ್ರೀಫೇಸ್ ವಿದ್ಯುತ್ತು ದಿನಕ್ಕೆ ಕೆಲವೇ ಗಂಟೆಗಳು ಬರುವುದು. ಹಗಲಿರುಳು ನಡೆಯಬೇಕಾದ ಕೇಂದ್ರಕ್ಕೆ ಅದು ಸಲ್ಲದು. ಆದುದರಿಂದ ಬೇರೊಂದು 11 ಕೆ.ವಿ. ಮಾರ್ಗವು ಸಮೀಪದಲ್ಲಿದ್ದು, ಸ್ವಂತ ಟ್ರಾನ್ಸ್‌ಫಾರ್ಮರನ್ನು ಹಾಕಿಸಲು ಅನುಕೂಲವಿರುವ ಸ್ಥಳವೇ ಉತ್ತಮವು. ಮಾರ್ಗವು ದೂರವಾದಷ್ಟೂ ಕಂಬ, ತಂತಿಗಳ ವೆಚ್ಚವು ಏರುವುದು.

ಎರಡನೆಯದು ಪ್ರಯಾಣಿಕರ ಅಭ್ಯಾಸ. ಇಂಥ ಚಾರ್ಜರಿನಿಂದ 30 ಯೂನಿಟ್ಟುಗಳನ್ನು ತುಂಬಲು ಅರ್ಧ ಗಂಟೆಗೆ ಕಡಮೆಯಿಲ್ಲ. ಬ್ಯಾಟರಿಯು ತುಂಬುತ್ತ ಬಂದಂತೆ ವೇಗವೂ ತಗ್ಗುವುದು. ಅಷ್ಟು ಹೊತ್ತು ಬರಿಯ ಬಯಲಿನಲ್ಲಿ ಯಾರೂ ಕಾಯುವುದಿಲ್ಲ. ನೆರಳು, ಶೌಚಗೃಹ, ದೀಪ, ಕಾಫಿ ತಿಂಡಿಗಳಿರುವೆಡೆಯಲ್ಲಿ ಸಂತೋಷದಿಂದ ನಿಲ್ಲುವರು. ಮದ್ದೂರಿನಲ್ಲಿ ವಡೆಗಾಗಿ ನಿಲ್ಲುತ್ತಿದ್ದವರಿಗೆ ಕಾರಣವನ್ನು ಹೇಳಬೇಕಾಗಿರಲಿಲ್ಲವಷ್ಟೆ! ಆದರೆ ಅದೇ ರಸ್ತೆಯು ಇನ್ನೊಂದು ಪಾಠವನ್ನೂ ಕಲಿಸುವುದು. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬಳಸಿಕೊಂಡು ಹೋದ ಮೇಲೆ ಹಳೆಯ ರಸ್ತೆಯ ಅಂಗಡಿಗಳಿಗೆ ವ್ಯಾಪಾರವು ಕುಗ್ಗಿತು. ಪ್ರವೇಶವನ್ನು ನಿರ್ಬಂಧಿಸಿರುವ ಇಂಥ ಹೆದ್ದಾರಿಯು ಕಣ್ಣಿಗೆ ಹತ್ತಿರವಾಗಿದ್ದರೂ ಪಕ್ಕದ ಹೊಲಕ್ಕೆ ಅದರಿಂದ ನೇರವಾಗಿ ದಾರಿಯಿರದು.

ಒಳನಾಡಿನ ಗ್ರಾಮಗಳಿಗೆ ಶೀಘ್ರ ಚಾರ್ಜರು ಅನಾವಶ್ಯಕವೆಂದು ನಮ್ಮ ಅಭಿಪ್ರಾಯ. ಅಲ್ಲಿ ಸಂಚರಿಸತಕ್ಕವು ಬಹುಮಟ್ಟಿಗೆ ಸ್ಕೂಟರುಗಳೂ ಆಟೋಗಳೂ ಆದುದರಿಂದ, ಹಾಲಿನ ಡೇರಿ ಅಥವಾ ಸಂತೆಮಾಳದ ಬಳಿ 3.3 ಕಿಲೋವಾಟಿನ ಒಂದೆರಡು ಸಾಕೆಟ್ಟುಗಳು ಸಾಕು.

ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗನ್ನು ಬಿಡತಕ್ಕದ್ದು. ವ್ಯವಸಾಯದ ಜಮೀನಾದರೆ ಭೂಪರಿವರ್ತನೆಯ ನಿಯಮವನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬೇಕು. ಗುತ್ತಿಗೆಯ ಕರಾರಿಗೆ ರುಜು ಹಾಕುವುದಕ್ಕೆ ಮುಂಚೆ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗದ ಕಚೇರಿಯಿಂದ ಸಂಪರ್ಕದ ಅಂದಾಜುಪಟ್ಟಿಯನ್ನು ಬರೆವಣಿಗೆಯಲ್ಲಿ ಪಡೆದು, ಆ ವೆಚ್ಚವು ಯಾರದೆಂಬುದನ್ನು ಕರಾರಿನಲ್ಲಿಯೇ ನಮೂದಿಸತಕ್ಕದ್ದು.