ಕರಪತ್ರವನ್ನು ಮಾತುಕತೆಯಾಗಿಸುವ ಬಗೆ
(ಸದಸ್ಯರಿಗೆ ಅಭ್ಯಾಸಪಾಠ)



ಬೇಸಾಯದ ಕರಪತ್ರಗಳಿಗೆ ನಮ್ಮಲ್ಲಿ ಬರವಿಲ್ಲ. ಸಂಘದ ಮೇಜಿನ ಮೇಲೆ ಅವು ಕಟ್ಟುಗಟ್ಟಲೆ ಇರುತ್ತವೆ. ಅದರಲ್ಲಿರುವ ವಿಷಯ ತೋಟದ ಬುಡದವರೆಗೆ ಹೋಗುವುದೇ ಕಷ್ಟ. ಇದಕ್ಕೆ ನಮ್ಮದೇ ತಪ್ಪಿನಿಂದ ಆರಂಭಿಸುತ್ತೇವೆ.

ಯಲ್ಲದಕೆರೆಯಲ್ಲಿ ಸೇರಿದ್ದ ಒಂದು ಸಭೆಯಲ್ಲಿ ನಾವು ಅಡಿಕೆ ಗೊಬ್ಬರದ ಕರಪತ್ರವೊಂದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆವು. ‘ಮರವೊಂದಕ್ಕೆ ವರ್ಷಕ್ಕೆ ಸಾರಜನಕ, ರಂಜಕ, ಪೊಟ್ಯಾಷ್ 100:40:140 ಗ್ರಾಂ’ ಎಂಬುದು ಅದರ ಮುಖ್ಯ ಸಾಲು. ಎಲ್ಲರೂ ತಲೆದೂಗಿದರು. ಎರಡು ವರ್ಷ ಕಳೆದ ಮೇಲೆ ಆ ಸಭೆಯಲ್ಲಿದ್ದ ಹಿರಿಯರೊಬ್ಬರು ಬಂದು, “ನೀವು ಹೇಳಿದ ಹಾಗೇ 100 ಗ್ರಾಂ ಯೂರಿಯಾ, 40 ಗ್ರಾಂ ಸೂಪರ್, 140 ಗ್ರಾಂ ಪೊಟ್ಯಾಷ್ ಹಾಕುತ್ತಿದ್ದೇನೆ, ಫಸಲು ಏರಲಿಲ್ಲವಲ್ಲ” ಎಂದರು. ಅವರು ಹಾಕಿದ್ದು ಗೊಬ್ಬರದ ತೂಕ, ಪತ್ರದಲ್ಲಿದ್ದದ್ದು ಪೋಷಕಾಂಶದ ತೂಕ. ಬೋರ್‌ವೆಲ್ ನೀರನ್ನು ಹನಿ ಹನಿ ಲೆಕ್ಕ ಹಾಕಿ ಬಿಡುವ ನಮ್ಮ ಬಯಲುಸೀಮೆಯಲ್ಲಿ ಎರಡು ವರ್ಷ ವ್ಯರ್ಥವಾಗುವುದು ಸಣ್ಣ ನಷ್ಟವಲ್ಲ. ತಪ್ಪು ಅವರ ಕಿವಿಯದಲ್ಲ, ನಮ್ಮ ಓದಿನದು.

ಓದುವವನು ಅರ್ಥವಾಗದಿದ್ದರೆ ಪುಟ ಹಿಂದಕ್ಕೆ ತಿರುಗಿಸಬಲ್ಲ. ಕೇಳುವವನಿಗೆ ಆ ಅನುಕೂಲವಿಲ್ಲ. ಅವನ ಪರವಾಗಿ ನಡುವೆ ತಡೆದು “ಏನಂದಿರಿ?” ಎಂದು ಕೇಳುವ ಇನ್ನೊಂದು ದನಿ ಬೇಕು. ಬಾನುಲಿಯವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. ಕೆನಡಾ ದೇಶದಲ್ಲಿ 1941ರಿಂದ 1965ರವರೆಗೆ ರೈತರು ನೆರೆಹೊರೆಯ ಮನೆಗಳಲ್ಲಿ ಗುಂಪು ಕೂಡಿ ರೇಡಿಯೋ ಕೇಳಿ, ಕೇಳಿದ್ದನ್ನು ಚರ್ಚಿಸುತ್ತಿದ್ದರು. ಅದೇ ಮಾದರಿಯನ್ನು ಯುನೆಸ್ಕೋ ನೆರವಿನಿಂದ 1956ರಲ್ಲಿ ಪುಣೆಯ ಸುತ್ತಿನ ಹಳ್ಳಿಗಳಲ್ಲಿ ಆಕಾಶವಾಣಿ ಪ್ರಯೋಗಿಸಿತು. ಇಂಗ್ಲೆಂಡಿನ ಬಿಬಿಸಿ 1951ರಿಂದ ದೇಶಕ್ಕೆಲ್ಲ ಬಿತ್ತರಿಸಿದ ‘ದಿ ಆರ್ಚರ್ಸ್’ ನಾಟಕಮಾಲೆ ಒಂದು ರೈತ ಕುಟುಂಬದ ಮಾತಿನ ನಡುವೆ ಬೇಸಾಯದ ತಿಳಿವಳಿಕೆ ಕೊಡಲೆಂದೇ ಹುಟ್ಟಿತು. ನಮ್ಮ ಆಕಾಶವಾಣಿಯ ಕೃಷಿರಂಗದ ಸಂಭಾಷಣೆಗಳನ್ನು ಸದಸ್ಯರೆಲ್ಲ ಕೇಳಿಯೇ ಇದ್ದೀರಿ. ಈಗ ಬಂದಿರುವ ‘ಪಾಡ್‌ಕಾಸ್ಟ್’, ಅಂದರೆ ಬೇಕಾದಾಗ ಫೋನಿನಲ್ಲಿ ಕೇಳುವ ಧ್ವನಿಮುದ್ರಣ, ಇದೇ ಬಳಗಕ್ಕೆ ಸೇರಿದ್ದು.

ಹಾಗಾದರೆ ಮಾಡುವುದು ಹೇಗೆ? ನಾವು ಅನುಸರಿಸುತ್ತಿರುವ ಕ್ರಮ ಇದು.

1. ಪತ್ರವನ್ನು ಪೂರ್ತಿ ಓದಿ, ರೈತ ಮಾಡಬೇಕಾದ ಒಂದೇ ಕೆಲಸವನ್ನು ಆರಿಸಿಕೊಳ್ಳಿ. ಉಳಿದದ್ದು ಇನ್ನೊಂದು ದಿನಕ್ಕಿರಲಿ.

2. ಆ ಕೆಲಸದಲ್ಲಿ ಎಲ್ಲಿ ಎಡವುತ್ತಾರೆಂದು ಇಬ್ಬರು ಬೆಳೆಗಾರರನ್ನು ವಿಚಾರಿಸಿ. ಅವರ ಸಂಶಯವೇ ಮೊದಲ ಪ್ರಶ್ನೆಯಾಗಲಿ.

3. ಕೇಳುವವನನ್ನು ದಡ್ಡನನ್ನಾಗಿ ಮಾಡಬೇಡಿ. “ಹೌದು ಸ್ವಾಮಿ” ಎನ್ನುವವನಿಂದ ಪ್ರಯೋಜನವಿಲ್ಲ, ಅವನು ವಾದಿಸಲಿ.

4. ಅಂಕಿಯನ್ನು ಎರಡು ಸಲ ಹೇಳಿಸಿ. ಎರಡನೆಯ ಸಲ ಕೇಳುವವನ ಬಾಯಿಂದ.

5. ಮುಗಿದ ಮೇಲೆ ಮೂಲ ಪತ್ರವನ್ನು ಪಕ್ಕದಲ್ಲಿಟ್ಟು ಪ್ರತಿ ಅಂಕಿಯನ್ನೂ ತಾಳೆ ನೋಡಿ.

ಮೇಲಿನ ಒಂದು ಸಾಲು ಹೀಗೆ ಮಾತಾಯಿತು:

ಕೇಳುವವರು: ಚೀಟಿಯಲ್ಲಿ ನೂರು ಅಂತ ಇದೆ. ನೂರು ಗ್ರಾಂ ಯೂರಿಯಾ ತೂಗಿ ಹಾಕಿದರೆ ಆಯ್ತಲ್ಲ?

ತಿಳಿದವರು: ಒಂದು ಕ್ವಿಂಟಾಲ್ ಹಸಿ ಅಡಿಕೆ ತಂದರೆ ಒಂದು ಕ್ವಿಂಟಾಲ್ ಒಣ ಅಡಿಕೆ ಸಿಗುತ್ತದೆಯೇ?

ಕೇಳುವವರು: ಎಲ್ಲಿಂದ ಸಿಗುತ್ತೆ? ಸಿಪ್ಪೆ, ನೀರು ಎಲ್ಲಾ ಹೋಗಬೇಕಲ್ಲ.

ತಿಳಿದವರು: ಇದೂ ಹಾಗೇ. ನೂರು ಗ್ರಾಂ ಯೂರಿಯಾದಲ್ಲಿ ಸಾರಜನಕ 46 ಗ್ರಾಂ ಮಾತ್ರ. ಮರಕ್ಕೆ ಬೇಕಾದ್ದು ನೂರು ಗ್ರಾಂ ಸಾರಜನಕ.

ಕೇಳುವವರು: ಅಂದರೆ ಇಷ್ಟು ದಿನ ಅರ್ಧ ಹೊಟ್ಟೆಗೂ ಹಾಕಿಲ್ಲ ಅನ್ನಿ! ಹಾಗಾದರೆ ಎಷ್ಟು?

ತಿಳಿದವರು: ಫಸಲಿಗೆ ಬಂದ ಮರಕ್ಕೆ ವರ್ಷಕ್ಕೆ ಯೂರಿಯಾ ಸುಮಾರು 220 ಗ್ರಾಂ, ಸೂಪರ್ ಫಾಸ್ಫೇಟ್ 250, ಮ್ಯೂರಿಯೇಟ್ ಆಫ್ ಪೊಟ್ಯಾಷ್ 235. ನೀರಾವರಿ ತೋಟಕ್ಕೆ ಅರ್ಧ ಫೆಬ್ರವರಿಯಲ್ಲಿ, ಅರ್ಧ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಆ ವರದಿಯಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಕೇಳುವವರು: ಒಂದು ಕಂತಿಗೆ ಯೂರಿಯಾ 110, ಸೂಪರ್ 125, ಪೊಟ್ಯಾಷ್ ಸುಮಾರು 118. ಸರಿನಾ?

ತಿಳಿದವರು: ಸರಿ. ಕೊಟ್ಟಿಗೆ ಗೊಬ್ಬರ, ಸೊಪ್ಪು ಮಾತ್ರ ಮರೆಯಬೇಡಿ.

ಇಲ್ಲಿ ಹಾಸ್ಯವಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಆದರೂ ಫೋನಿನಲ್ಲಿ ಮುದ್ರಿಸಿ ಕೇಳಿಸಿದಾಗ ಯಾರೂ ತೂಕಡಿಸಲಿಲ್ಲ. ತಮ್ಮದೇ ಸಂಶಯವನ್ನು ಇನ್ನೊಬ್ಬರು ಕೇಳುವಾಗ ಕಿವಿ ತಾನಾಗಿ ನಿಮಿರುತ್ತದೆ. ಹಸಿ ಅಡಿಕೆಯ ಹೋಲಿಕೆಯನ್ನು ಒಬ್ಬ ಸದಸ್ಯರೇ ಕೊಟ್ಟರು. ಯಾವ ಕರಪತ್ರದಲ್ಲೂ ಅದಿರಲಿಲ್ಲ.

ಲೇಖನವನ್ನು ಕೊಟ್ಟರೆ ತಾನೇ ಇಬ್ಬರ ಸಂಭಾಷಣೆಯಾಗಿ ಮಾತಾಡಿಕೊಡುವ ಯಂತ್ರಸಾಧನಗಳೂ ಬಂದಿವೆ. ಗೂಗಲ್ ಸಂಸ್ಥೆಯ ನೋಟ್‌ಬುಕ್‌ಎಲ್‌ಎಂ 2024ರಲ್ಲಿ ಈ ಸೌಲಭ್ಯ ತಂದಿತು. ಬಳಸಬಾರದೆಂದು ನಾವು ಹೇಳುವುದಿಲ್ಲ. ಆದರೆ ಅವು ಸರಾಗವಾಗಿ ಮಾತಾಡುತ್ತಲೇ ತಪ್ಪನ್ನೂ ಹೇಳಬಲ್ಲವು, ನಮ್ಮ ಹಿರಿಯರು ಎಲ್ಲಿ ಎಡವಿದರೆಂಬುದೂ ಅವಕ್ಕೆ ಗೊತ್ತಿಲ್ಲ. ಆದ್ದರಿಂದ ಎರಡನೆಯ ಮತ್ತು ಐದನೆಯ ಕ್ರಮಗಳನ್ನು ಯಂತ್ರಕ್ಕೆ ಬಿಡಬಾರದು.

ಅಭ್ಯಾಸ: ಕಾಫಿ ಎಲೆ ತುಕ್ಕು ರೋಗಕ್ಕೆ ‘ಶೇ. 0.5 ಬೋರ್ಡೋ ದ್ರಾವಣ’ ಎಂದು ಬರೆದಿರುತ್ತದೆ. ಹಾಗೆಂದರೆ 100 ಲೀಟರ್ ನೀರಿಗೆ ಮೈಲುತುತ್ತ ಅರ್ಧ ಕಿಲೋ, ಸುಣ್ಣ ಅರ್ಧ ಕಿಲೋ. ಅಡಿಕೆಯ ಕೊಳೆರೋಗಕ್ಕಾದರೆ ಶೇ. 1, ಅಂದರೆ ಒಂದೊಂದು ಕಿಲೋ. ಎರಡೂ ಬೆಳೆ ಇರುವವರು ಇಲ್ಲಿ ಎಡವುವ ಸಂಭವವುಂಟು. ಇದನ್ನು ಹತ್ತು ಮಾತಿನ ಸಂಭಾಷಣೆಯಾಗಿ ಬರೆಯಿರಿ. ಮನೆಯಲ್ಲಿ ಓದು ಬಾರದವರೊಬ್ಬರಿಗೆ ಓದಿ ಹೇಳಿ, ಮರುದಿನ ಅಂಕಿಗಳನ್ನು ಅವರಿಂದಲೇ ಕೇಳಿ. ಅವರು ಸರಿಯಾಗಿ ಹೇಳಿದರೆ ನಿಮ್ಮ ಬರಹ ಮಾತಾಯಿತೆಂದು ತಿಳಿಯಿರಿ. ಅದನ್ನು ಸಂಘದ ಕಚೇರಿಗೆ ತಲುಪಿಸಿದರೆ ಮುಂದಿನ ಸಭೆಯಲ್ಲಿ ಕೇಳಿಸುತ್ತೇವೆ.