ಮಗುವಿನ ಕೈಕಾಲು ಒಮ್ಮೆಲೇ ಸೋತಾಗ

ರಾತ್ರಿ ಜ್ವರದಲ್ಲಿ ಮಲಗಿದ ಕೂಸು ಬೆಳಿಗ್ಗೆ ಕಾಲೂರಲಾರದೆ ಕುಸಿದರೆ ವಿಜಯಪುರದ ಜೋರಾಪುರ ಪೇಟೆಯ ಮನೆಯಲ್ಲಾಗಲಿ, ತಿಕೋಟಾದ ದ್ರಾಕ್ಷಿ ತೋಟದ ವಸ್ತಿಯಲ್ಲಾಗಲಿ ಮೊದಲ ಮಾತು, ‘ಎಲ್ಲೆರ ಬಿದ್ದಿರಬೇಕು, ಎಣ್ಣಿ ಹಚ್ಚಿ ತಿಕ್ಕೂಣು.’ ದಯವಿಟ್ಟು ತಿಕ್ಕುತ್ತ ದಿನ ಕಳೆಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಅದು ನರಗಳಿಗೆ ತಗಲುವ ಗಿಲನ್-ಬಾರೆ ಕಾಯಿಲೆ ಇರಬಹುದು. ಪೋಲಿಯೊವನ್ನೇ ಹೋಲುವ, ಬೆನ್ನುಹುರಿಗೆ ತಗಲುವ ಅಪರೂಪದ ಅಕ್ಯೂಟ್ ಫ್ಲಾಸಿಡ್ ಮೈಲೈಟಿಸ್ ಇರಬಹುದು. ಸೋಲು ಎದೆಯ ಸ್ನಾಯುಗಳಿಗೆ ಏರಿದರೆ ಉಸಿರಿಗೇ ಕುತ್ತು.

15 ವರ್ಷದೊಳಗಿನ ಮಗುವಿನ ಕೈಕಾಲು ಹೀಗೆ ಜೋಲುಬಿದ್ದರೆ ವೈದ್ಯರು ‘ಎ.ಎಫ್.ಪಿ.’ (ಅಕ್ಯೂಟ್ ಫ್ಲಾಸಿಡ್ ಪ್ಯಾರಾಲಿಸಿಸ್) ಎಂದು ಆರೋಗ್ಯ ಇಲಾಖೆಗೆ ತಿಳಿಸಬೇಕು, ಖಾಸಗಿ ವೈದ್ಯರೂ ಸಹ. ಸೋಲು ಕಂಡ 14 ದಿನದೊಳಗೆ, ಕನಿಷ್ಠ 24 ಗಂಟೆ ಅಂತರದಲ್ಲಿ, ಎರಡು ಸಲ ಮಲದ ಮಾದರಿ ತೆಗೆಯುತ್ತಾರೆ. ಪರೀಕ್ಷೆಗೆ ದುಡ್ಡಿಲ್ಲ. ‘ಪೋಲಿಯೊ ಅಂತ ಬರದಬಿಡತಾರ’ ಎಂದು ಹೆದರಿ ಮುಚ್ಚಿಡುವ ಮನೆಗಳಿವೆ. ಆ ಹೆದರಿಕೆ ಬೇಡ. ವರದಿ ಮಾಡುವುದು ಪೋಲಿಯೊ ಇಲ್ಲವೆಂದು ಖಚಿತಪಡಿಸಿಕೊಳ್ಳಲಿಕ್ಕೇ. 2014ರಲ್ಲಿ ಭಾರತಕ್ಕೆ ಪೋಲಿಯೊಮುಕ್ತ ಮಾನ್ಯತೆ ಸಿಕ್ಕಿದ್ದರ ಹಿಂದೆ ಇಂಥ ಸಾವಿರಾರು ಮಾದರಿಗಳಿವೆ.

ಇಂಥ ತುರ್ತು ಹೊತ್ತಿನಲ್ಲಿ ಖಾಸಗಿ ಆಸ್ಪತ್ರೆಯೂ ‘ಮೊದಲು ಅಡ್ವಾನ್ಸ್ ಕಟ್ಟಿ’ ಎಂದು ಜೀವ ಉಳಿಸುವ ಚಿಕಿತ್ಸೆ ತಡೆಯುವಂತಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿರುವ ಈ ಯೋಜನೆಯ ಆರೋಗ್ಯಮಿತ್ರರನ್ನು ಕೇಳಿ.

ನಾನು ಒತ್ತಿ ಹೇಳುವುದು ಕಾಗದದ ಮಾತು. ಸೋಲು ಕಂಡ ದಿನ, ಹೊತ್ತು ಬರೆದಿಡಿ. ಚಿಕಿತ್ಸೆಯ ದಾಖಲೆ ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯ ನೀತಿ ನಿಯಮ ಹೇಳುತ್ತದೆ. ಮುಂದೆ ಕಾಲಿನ ಬಲ ಪೂರ್ತಿ ಮರಳದಿದ್ದರೆ ಅಂಗವಿಕಲತೆ ಪ್ರಮಾಣಪತ್ರಕ್ಕೆ ಇವೇ ಆಧಾರ. ಸುಧಾರಿಸುವ ಆಸೆಯಿದ್ದರೂ ಅವಧಿ ನಮೂದಿಸಿದ ತಾತ್ಕಾಲಿಕ ಪತ್ರ ಸಿಗುತ್ತದೆ. ಅಂಗವಿಕಲತೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು; ‘ನಮ್ಮಲ್ಲಿ ಆಗೂದಿಲ್ಲ’ ಎಂದು ಸರ್ಕಾರಿ ಶಾಲೆ ಬಾಗಿಲು ಹಾಕುವಂತಿಲ್ಲ.

ಎಲ್ಲಿ ತಡೆದರೂ ವಿಜಯಪುರ ನ್ಯಾಯಾಲಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಕ್ಕಳಿಗೆ ಉಚಿತ ವಕೀಲರನ್ನು ಕೊಡಲು ಆದಾಯದ ಮಿತಿಯಿಲ್ಲ.